ಅರ್ಹತೆಯ ಹಾಳೆಗೊಂದು ವ್ಯಾಖ್ಯಾನ

ಕಾಳಿದಾಸನ ಕಾವ್ಯಗಳಿಗೆ ಟೀಕೆ ಬರೆದ ಮಲ್ಲಿನಾಥ ಸೂರಿ ತೆಲುಗು ನಾಡಿನವನು. ಅದೇ ನಾಡಿನ ಒಂದು ಬರಹವನ್ನು ಅವನ ದಾರಿಯಲ್ಲೇ ಸಾಲು ಸಾಲಾಗಿ ಓದುವ ಆಸೆ ನನ್ನದು. ಇದು ಕಾವ್ಯವಲ್ಲ, ಸರ್ಕಾರಿ ಷರತ್ತು. ಆಂಧ್ರಪ್ರದೇಶ ಸರ್ಕಾರ 2020ರ ಡಿಸೆಂಬರ್ 25ರಂದು ಶುರುಮಾಡಿದ ‘ನವರತ್ನಾಲು–ಪೇದಲಂದರಿಕೀ ಇಳ್ಳು’ (ಬಡವರೆಲ್ಲರಿಗೂ ಮನೆ) ಯೋಜನೆಯಲ್ಲಿ ಯಾರಿಗೆ ನಿವೇಶನ ಸಿಗುತ್ತದೆ, ಯಾರಿಗೆ ಇಲ್ಲ ಎಂದು ಹೇಳುವ ಕೆಲವೇ ಸಾಲುಗಳು. ಜಗನ್ ಮೋಹನ್ ರೆಡ್ಡಿಯವರ ಸರ್ಕಾರ ಈ ಸಾಲುಗಳನ್ನು ಆಧರಿಸಿ ಮೂವತ್ತು ಲಕ್ಷಕ್ಕೂ ಮೀರಿದ ಪಟ್ಟಾಗಳ ಲೆಕ್ಕ ಕೊಟ್ಟಿತು.

ಹೊರಗಿನವರು ಬಂದು ಸರ್ಕಾರದ ಮನೆ ಹೊಡೆದುಕೊಳ್ಳುತ್ತಾರೆ, ಪುಕ್ಕಟೆ ತಿಂದು ಮೈಗಳ್ಳರಾಗುತ್ತಾರೆ ಎಂಬ ಮಾತು ಲಂಡನ್ನಿನಲ್ಲೂ ಇದೆ, ಗುವಾಹಟಿಯಲ್ಲೂ ಇದೆ. 2025ರ ಡಿಸೆಂಬರಿನಲ್ಲಿ ಯಲಹಂಕದ ಕೋಗಿಲು ಬಡಾವಣೆಯ ಮನೆಗಳನ್ನು ಕೆಡವಿ, ಬದಲಿ ಮನೆಯ ಮಾತು ಬಂದಾಗ ಬೆಂಗಳೂರಿನಲ್ಲೂ ಅದೇ ಕೂಗು ಎದ್ದಿತು. ಕೂಗುವವರಲ್ಲಿ ಅರ್ಹತೆಯ ಹಾಳೆ ಓದಿದವರು ಕಡಿಮೆ. ವಿಜಯವಾಡ ಮತ್ತು ವಿಶಾಖಪಟ್ಟಣವನ್ನು ಎದುರಿಗಿಟ್ಟುಕೊಂಡು ಅದನ್ನು ಓದೋಣ. ಷರತ್ತುಗಳ ಸಾರವನ್ನು ನನ್ನ ಕನ್ನಡದಲ್ಲಿ ಕೊಟ್ಟಿದ್ದೇನೆ.

1. ಬಿಳಿ ಪಡಿತರ ಚೀಟಿ ಇರಬೇಕು.

ಎನ್.ಟಿ. ರಾಮರಾವ್ 1983ರಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿ ತಂದ ಮೇಲೆ ಆಂಧ್ರದ ಸಂಸಾರಗಳಿಗೆ ಈ ಚೀಟಿಯೇ ಬೇರು. ಮುಂದೆ ಆಸ್ಪತ್ರೆಯ ಆರೋಗ್ಯಶ್ರೀ, ಮಕ್ಕಳ ಕಾಲೇಜು ಶುಲ್ಕ, ಪಿಂಚಣಿ ಎಲ್ಲಕ್ಕೂ ಇದನ್ನೇ ಕೇಳಿದರು. ಈಗ ಇದರ ಹೆಸರು ಬಿಯ್ಯಂ ಕಾರ್ಡು, ಅಂದರೆ ಅಕ್ಕಿ ಕಾರ್ಡು. ಸುಮಾರು ಐದು ಕೋಟಿ ಜನರ ರಾಜ್ಯದಲ್ಲಿ ಇಂಥ ಕಾರ್ಡು ಸುಮಾರು 1.45 ಕೋಟಿ ಇವೆ. ಹಾಗಾಗಿ ಇದು ಕಡುಬಡವರ ಗುರುತು ಎನ್ನುವುದಕ್ಕಿಂತ ಸಾಮಾನ್ಯ ಸಂಸಾರದ ಗುರುತು ಎನ್ನುವುದೇ ಸರಿ. ‘ಉಳ್ಳವರ ಕೈಯಲ್ಲೂ ಬಿಳಿ ಕಾರ್ಡು’ ಎಂಬ ಆಕ್ಷೇಪದಲ್ಲಿ ಹುರುಳಿದೆ.

ಆದರೆ ಜರಡಿ ಎರಡೂ ಕಡೆ ತಪ್ಪುತ್ತದೆ. ತಿಂಗಳ ಆದಾಯ ಹಳ್ಳಿಯಲ್ಲಿ 10,000, ಪೇಟೆಯಲ್ಲಿ 12,000 ರೂಪಾಯಿ ದಾಟಬಾರದು, ನಾಲ್ಕು ಚಕ್ರದ ಗಾಡಿ ಇರಬಾರದು, ಕರೆಂಟು ತಿಂಗಳಿಗೆ 300 ಯೂನಿಟ್ ಮೀರಬಾರದು ಎಂದೆಲ್ಲ ಆರು ಹಂತದ ಪರಿಶೀಲನೆ ಇತ್ತು. ವಿಜಯವಾಡದ ಅಜಿತ್‌ಸಿಂಗ್ ನಗರದಂಥ ಕಡೆ ಮಾಲೀಕನ ಒಂದೇ ಮೀಟರಿಗೆ ಮೂರು-ನಾಲ್ಕು ಬಾಡಿಗೆ ಸಂಸಾರಗಳು ತಂತಿ ಎಳೆದುಕೊಂಡಿರುತ್ತವೆ. ಕಂಪ್ಯೂಟರಿಗೆ ಕಾಣುವುದು ಒಂದು ಮೀಟರು, ಒಂದು ದೊಡ್ಡ ಬಿಲ್ಲು. ಒಂದು ಫ್ಯಾನು, ಎರಡು ಬಲ್ಬು ಇಟ್ಟುಕೊಂಡವಳು ಆ ಲೆಕ್ಕದಲ್ಲಿ ಸಾಹುಕಾರ್ತಿ.

2. ರಾಜ್ಯದಲ್ಲಿ ಎಲ್ಲಿಯೂ ಸ್ವಂತ ಮನೆ ಅಥವಾ ನಿವೇಶನ ಇರಬಾರದು.

‘ರಾಜ್ಯದಲ್ಲಿ’ ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಶ್ರೀಕಾಕುಳಂ ಜಿಲ್ಲೆಯ ಹಳ್ಳಿಯೊಂದರಿಂದ ವಿಶಾಖಪಟ್ಟಣದ ಬಂದರಿಗೆ ಕೂಲಿಗೆ ಬಂದವನಿಗೆ ಊರಿನಲ್ಲಿ ಅಜ್ಜನ ಕಾಲದ ಮಣ್ಣಿನ ಮನೆಯೊಂದು ಅವನ ಹೆಸರಿಗೆ ಇದ್ದರೆ ಅಕ್ಷರಶಃ ಓದಿದಾಗ ಅವನು ಅನರ್ಹ. ಒಡಿಶಾದ ರಾಯಗಡದಿಂದ ಬಂದು ಹೇಗೋ ಇಲ್ಲಿಯ ಕಾರ್ಡು ಮಾಡಿಸಿಕೊಂಡವನ ಊರಿನ ಮನೆ ಈ ಸಾಲಿಗೆ ಕಾಣುವುದೇ ಇಲ್ಲ. ಹೊರರಾಜ್ಯದವನ ಪಕ್ಷಪಾತಿ ಎಂದು ಈ ಸಾಲನ್ನು ಬೈಯುವ ಮೊದಲು ಪಕ್ಕದ ಹಾಳೆಯನ್ನೂ ನೋಡಬೇಕು. ನಿವೇಶನ ರಾಜ್ಯದ್ದಾದರೂ ಮನೆ ಕಟ್ಟುವ ಹಣದ ಬಹುಪಾಲು ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯದು. ಅದರ ಷರತ್ತಿನಲ್ಲಿ ಭಾರತದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು ಎಂದಿದೆ. ಒಬ್ಬ ಬಡವನನ್ನು ಎರಡು ಸರ್ಕಾರಗಳು ಎರಡು ಭೂಪಟ ಹಿಡಿದು ಅಳೆಯುತ್ತವೆ.

3. ಹಿಂದೆ ಯಾವ ಸರ್ಕಾರಿ ವಸತಿ ಯೋಜನೆಯಲ್ಲೂ ಮನೆ ಪಡೆದಿರಬಾರದು.

ನ್ಯಾಯವಾದ ಮಾತು. ವಿಜಯವಾಡದಲ್ಲಿ ವಾಂಬೇ ಕಾಲನಿ ಎಂಬ ಬಡಾವಣೆಯೇ ಇದೆ. 2001ರ ವಾಲ್ಮೀಕಿ ಅಂಬೇಡ್ಕರ್ ಆವಾಸ್ ಯೋಜನೆಯ ಸಂಕ್ಷಿಪ್ತ ಹೆಸರೇ ಊರಿನ ಹೆಸರಾಗಿ ನಿಂತಿದೆ. ಅಲ್ಲಿ ಮನೆ ಪಡೆದ ತಾಯಿಯ ಮಕ್ಕಳಿಗೆ ಈಗ ಮದುವೆಯಾಗಿದೆ. ಮಗ ಬೇರೆ ಕಾರ್ಡು ಮಾಡಿಸಿದರೆ ಹೊಸ ಸಂಸಾರ, ಮಾಡಿಸದಿದ್ದರೆ ಅಮ್ಮನ ಹಳೆಯ ಮನೆಯ ನೆರಳಿನಲ್ಲೇ ಅನರ್ಹ. ಮದುವೆಯ ಬೆನ್ನಿಗೇ ಕಾರ್ಡು ಒಡೆಸಲು ಓಡುವುದು ಇದಕ್ಕೇ. ಇದನ್ನು ಮೋಸ ಎನ್ನುವವರಿದ್ದಾರೆ. ಜಮೀನುದಾರರ ಮನೆಗಳಲ್ಲಿ ಪಾಲುಪಟ್ಟಿ ಆದರೆ ಅದನ್ನು ವ್ಯವಹಾರ ಎನ್ನುತ್ತೇವೆ.

ಇನ್ನೊಂದು ವಿಷಯ. 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹಳ್ಳ ಒಡೆದು ನುಗ್ಗಿದಾಗ ದಿನಗಟ್ಟಲೆ ನೀರಿನಲ್ಲಿ ನಿಂತದ್ದು ಸಿಂಗ್ ನಗರ, ವಾಂಬೇ ಕಾಲನಿಯಂಥ ಜಾಗಗಳೇ. ಸರ್ಕಾರ ಒಮ್ಮೆ ಕೊಟ್ಟಾಯಿತು ಎಂದು ಮೂರನೆಯ ಸಾಲು ಲೆಕ್ಕ ಮುಚ್ಚುತ್ತದೆ. ಕೊಟ್ಟ ಜಾಗ ಎಂಥದು ಎಂಬ ಕಲಮು ಹಾಳೆಯಲ್ಲಿ ಇಲ್ಲ.

4. ಎರಡೂವರೆ ಎಕರೆ ತರಿ ಅಥವಾ ಐದು ಎಕರೆ ಖುಷ್ಕಿಗಿಂತ ಹೆಚ್ಚು ಜಮೀನು ಇರಬಾರದು.

ಹಳ್ಳಿಗೆ ಬೇಕಾದ ಸಾಲು. ವಿಜಯವಾಡದ ಒನ್‌ಟೌನಿನಲ್ಲಿ ಮೂಟೆ ಹೊರುವವನಿಗೆ ಇದು ಸಂಬಂಧಿಸಿದ್ದಲ್ಲ.

5. ಆಧಾರ್ ಇರಬೇಕು.

ವಲಸೆಯ ಜಗಳವೆಲ್ಲ ಈ ಎರಡು ಪದಗಳಲ್ಲಿದೆ. 2016ರ ಆಧಾರ್ ಕಾಯಿದೆಯ ಪ್ರಕಾರ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದವರು ‘ನಿವಾಸಿ’; ಆಧಾರ್ ಪಡೆಯುವ ಹಕ್ಕು ನಿವಾಸಿಯದು. ಅದೇ ಕಾಯಿದೆಯ 9ನೆಯ ಕಲಮು ಆಧಾರ್ ಸಂಖ್ಯೆ ಪೌರತ್ವಕ್ಕೆ ಪುರಾವೆಯಲ್ಲ ಎಂದು ಸಾರುತ್ತದೆ.

ಪೂರ್ವಪಕ್ಷ: ಹಾಗಾದರೆ ಗಡಿ ದಾಟಿ ಕದ್ದು ಬಂದವನೂ ನುಸುಳಬಹುದಲ್ಲ? ನುಸುಳಬಹುದು. ಸುಳ್ಳು ದಾಖಲೆಯಿಂದ ಮಾಡಿಸಿದ ಆಧಾರ್‌ಗಳು ದೇಶದಲ್ಲಿ ಸಿಕ್ಕಿಬಿದ್ದಿವೆ, ಇಲ್ಲವೆನ್ನುವುದು ಹಟ. ಆದರೆ ನಿವೇಶನದ ದಾರಿ ಎಂಥದೆಂದು ಕೇಳಿ. ಐವತ್ತು ಮನೆಗೊಬ್ಬ ವಾಲಂಟಿಯರ್ ಬಾಗಿಲಿಗೆ ಬಂದು ಹೆಸರು ಬರೆದುಕೊಳ್ಳುತ್ತಿದ್ದ. ಪಟ್ಟಿಯನ್ನು ಸಚಿವಾಲಯದ ಗೋಡೆಗೆ ಅಂಟಿಸುತ್ತಿದ್ದರು, ನೆರೆಯವರು ತಕರಾರು ಹೇಳಲಿ ಎಂದು. ಇಲ್ಲಿ ಸಚಿವಾಲಯ ಎಂದರೆ ವಿಧಾನಸೌಧದಂಥದ್ದಲ್ಲ, ವಾರ್ಡಿನ ಕಚೇರಿ. ಪೊಲೀಸರ ನೆರಳು ಕಂಡರೆ ಓಣಿ ಬದಲಿಸುವವನು ಹೆಸರು ಗೋಡೆಗೇರುವ ಈ ಸಾಲಿನಲ್ಲಿ ನಿಲ್ಲುವುದು ಅಪರೂಪ. ಪೌರತ್ವ ಪರೀಕ್ಷಿಸುವುದು ಸರ್ಕಾರದ ಕರ್ತವ್ಯವೇ, ಅದಕ್ಕೆ ಬೇರೆ ಕಾನೂನಿದೆ. ವಾರ್ಡ್ ಕಚೇರಿಯ ಗುಮಾಸ್ತನಿಗೆ ಆ ಕೆಲಸ ಹೊರಿಸಿದರೆ ಮೊದಲು ಹೊರಬೀಳುವವರು ಜನನ ಪ್ರಮಾಣಪತ್ರವಿಲ್ಲದ ಸ್ಥಳೀಯ ಮುದುಕಿಯರು.

ವಿಶಾಖಪಟ್ಟಣದ ಕಂಚರಪಾಲೆಂ ಕಡೆ ಬರ್ಮಾ ಕ್ಯಾಂಪ್ ಎಂಬ ಜಾಗವಿದೆ. ತಲೆಮಾರುಗಳ ಹಿಂದೆ ಕೋರಂಗಿ, ಕಾಕಿನಾಡ, ವಿಶಾಖಪಟ್ಟಣಗಳಿಂದ ರಂಗೂನಿಗೆ ಕೂಲಿಗಾಗಿ ಹೋದ ತೆಲುಗರನ್ನು ಬರ್ಮಾದಲ್ಲಿ ಕೋರಂಗಿಗಳು ಎಂದೇ ಕರೆಯುತ್ತಿದ್ದರು. 1962ರಲ್ಲಿ ನೆ ವಿನ್ ಅಧಿಕಾರ ಹಿಡಿದು ಅಂಗಡಿ-ವ್ಯಾಪಾರಗಳನ್ನು ರಾಷ್ಟ್ರೀಕರಿಸಿದ ಮೇಲೆ ಅವರು ಬರಿಗೈಯಲ್ಲಿ ಹಡಗು ಹತ್ತಿ ಮರಳಿದರು. ಅವರಲ್ಲಿ ಅನೇಕರು ಹುಟ್ಟಿದ್ದು ಅಲ್ಲೇ. ಸರ್ಕಾರ ಅವರಿಗೆ ನೆಲೆ ಕೊಟ್ಟಿತು. ಹೊರದೇಶದಿಂದ ಬಂದು ಸರ್ಕಾರದ ಜಾಗದಲ್ಲಿ ಕುಳಿತವರು ಎಂದು ಹೇಳಬಹುದಾದ ಜನ ಆ ಊರಿನಲ್ಲಿ ಇದ್ದರೆ ಅವರೇ. ಇಂದು ಅವರನ್ನು ಹಾಗೆ ಕರೆದರೆ ವಿಶಾಖಪಟ್ಟಣದವರು ನಗುತ್ತಾರೆ. ನಮ್ಮಲ್ಲೂ ಇಂಥದಿದೆ: 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇರೆಗೆ ಸಿಲೋನಿನಿಂದ ಬಂದ ತಮಿಳರು ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಹಾಲು ಇಳಿಸುತ್ತ ನೆಲೆನಿಂತರು. ಅವರು ಒಪ್ಪಂದದ ಮೇಲೆ ಬಂದವರು, ಕದ್ದು ಬಂದವರಲ್ಲ. ಆ ವ್ಯತ್ಯಾಸ ದೊಡ್ಡದು, ಅದನ್ನು ಮರೆಸಬಾರದು. ಆದರೂ ಮನೆ ಕೊಟ್ಟರೆ ಜನ ಕೆಡುತ್ತಾರೆ ಎನ್ನುವವರು ಈ ಎರಡು ಕಡೆ ಹೋಗಿ ನೋಡಬಹುದು.

6. ನಗರದಲ್ಲಿ ಒಂದು ಸೆಂಟು, ಹಳ್ಳಿಯಲ್ಲಿ ಒಂದೂವರೆ ಸೆಂಟು.

ಒಂದು ಸೆಂಟೆಂದರೆ 435.6 ಚದರ ಅಡಿ. ನಮ್ಮ ಮೂವತ್ತು-ನಲವತ್ತರ ಸೈಟಿನ ಮೂರನೆಯ ಒಂದು ಪಾಲಿಗಿಂತ ಚೂರು ಹೆಚ್ಚು. ಹಸುವಿನ ಮಾತಿರಲಿ, ಬಟ್ಟೆ ಒಣಗಿಸಲೂ ಬೀದಿಗೇ ಬರಬೇಕು. 2021ರ ಅಕ್ಟೋಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಇಷ್ಟು ಜಾಗ ಮನೆಗೆ ಸಾಲದು ಎಂದು ಆದೇಶವನ್ನೇ ಕೊಟ್ಟಿತು, ಮುಂದೆ ಅದು ವಿಭಾಗೀಯ ಪೀಠದಲ್ಲಿ ನಿಲ್ಲಲಿಲ್ಲ.

ಎಷ್ಟು ಎಂಬುದು ಹಾಳೆಯಲ್ಲಿದೆ, ಎಲ್ಲಿ ಎಂಬುದು ಇಲ್ಲ. ನಿಜವಾದ ಜಗಳ ನಡೆದದ್ದು ಬರೆಯದೆ ಬಿಟ್ಟ ಆ ಜಾಗದಲ್ಲೇ.

ವಿಶಾಖಪಟ್ಟಣದ ಬಡವರಿಗೆ ಜಾಗ ಸಿಕ್ಕಿದ್ದು ಊರಾಚೆ. ವ್ಯಾಜ್ಯಗಳಲ್ಲಿ ತಡವಾಗಿ 2022ರ ಏಪ್ರಿಲ್ 28ರಂದು ಸಬ್ಬವರಂ ಮಂಡಲದ ಪೈಡಿವಾಡ ಅಗ್ರಹಾರದಲ್ಲಿ ಸುಮಾರು 1.23 ಲಕ್ಷ ಹೆಂಗಸರಿಗೆ ಪಟ್ಟಾ ಕೊಡುವ ಸಮಾರಂಭವಾಯಿತು. ಅದೇ ತಿಂಗಳ 4ರಂದು ಜಿಲ್ಲೆಗಳನ್ನು ಒಡೆದಿದ್ದರು, ಸಬ್ಬವರಂ ಅನಕಾಪಲ್ಲಿ ಜಿಲ್ಲೆಗೆ ಸೇರಿತ್ತು. ನಗರದ ಕೂಲಿಯವರು ಪಟ್ಟಾ ಹಿಡಿಯುವ ಹೊತ್ತಿಗೆ ಅವರ ನಿವೇಶನ ಬೇರೆ ಜಿಲ್ಲೆಯಲ್ಲಿತ್ತು. ಜಗದಂಬಾ ಜಂಕ್ಷನ್ ಸುತ್ತಿನ ಮನೆಗಳಲ್ಲಿ ಬೆಳಿಗ್ಗೆ ಆರಕ್ಕೇ ಪಾತ್ರೆ ತೊಳೆಯಬೇಕಾದವಳು ಅಲ್ಲಿಂದ ಎಷ್ಟು ಹೊತ್ತಿಗೆ ಏಳಬೇಕು? ಕೆಲಸ ಬಿಟ್ಟು ಹೊಸ ಮನೆಗೆ ಹೋದರೆ ಸರ್ಕಾರದ ಹಣಕ್ಕೆ ಕೈಯೊಡ್ಡಬೇಕು, ಕೆಲಸ ಉಳಿಸಿಕೊಂಡರೆ ಬಾಡಿಗೆಯಲ್ಲೇ ಇರಬೇಕು. ಅವಲಂಬನೆ ಹುಟ್ಟುವುದು ಮನೆ ಕೊಟ್ಟದ್ದಕ್ಕಲ್ಲ, ಕೂಲಿಯಿಂದ ದೂರ ಕೊಟ್ಟದ್ದಕ್ಕೆ ಎಂಬುದು ನನ್ನ ಅಭಿಪ್ರಾಯ.

ವಿಜಯವಾಡದ್ದು ಇದರ ತಿರುವು. ಅಲ್ಲಿ ಜಾಗ ಕೊಟ್ಟದ್ದು ಕೃಷ್ಣೆಯ ಆಚೆ ದಡದ ಅಮರಾವತಿಯಲ್ಲಿ. 2015ರಿಂದ 29 ಹಳ್ಳಿಗಳ ರೈತರು ಸುಮಾರು 33 ಸಾವಿರ ಎಕರೆಯನ್ನು ರಾಜಧಾನಿಗೆಂದು ಒಪ್ಪಿಸಿದ್ದರು. ಆ ರಾಜಧಾನಿಯನ್ನು ಒಪ್ಪದ ಜಗನ್ ಸರ್ಕಾರಕ್ಕೆ 2022ರ ಮಾರ್ಚ್ 3ರಂದು ಹೈಕೋರ್ಟು ಅದನ್ನು ಮಾತಿನಂತೆ ಕಟ್ಟಿ ಎಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ರಾಜಧಾನಿ ಪ್ರದೇಶದ ಕಾಯಿದೆ ತಿದ್ದಿ ಆರ್-5 ಎಂಬ ಹೊಸ ವಲಯ ಹುಟ್ಟಿಸಿ, 2023ರ ಮೇ 26ರಂದು ವೆಂಕಟಪಾಲೆಂನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಪಟ್ಟಾ ಹಂಚಿತು. ಪಡೆದವರು ವಿಜಯವಾಡ ಮತ್ತು ಗುಂಟೂರು ಕಡೆಯ ಬಡವರು.

ರೈತರ ವಾದ ಟೊಳ್ಳಲ್ಲ. ರಾಜಧಾನಿಯ ನಕ್ಷೆ ನಂಬಿ ಭೂಮಿ ಕೊಟ್ಟವರಿಗೆ ನಕ್ಷೆ ಬದಲಾದರೆ ಎದೆ ಒಡೆಯುತ್ತದೆ. ಮೂಲ ಕಾಯಿದೆಯಲ್ಲೇ ಕನಿಷ್ಠ ಶೇಕಡಾ 5 ಜಾಗ ಬಡವರ ಮನೆಗೆ ಎಂದಿತ್ತು. ಅದು ರಾಜಧಾನಿಯೊಳಗಿನ ಬಡವರಿಗೆ, ಹೊರಗಿನವರಿಗಲ್ಲ ಎಂದು ಅವರು ವಾದಿಸಿದರು. ಮಾರ್ಕೆಟ್ಟಿಗೋ ಆಸ್ಪತ್ರೆಗೋ ಹೋಗುವವರು ದಿನಾ ದಾಟುವ ಪ್ರಕಾಶಂ ಬ್ಯಾರೇಜಿನ ಆಚೆಯವನು, ಅದೇ ತೆಲುಗು ಆಡುವ ಭಾರತೀಯ, ಅಷ್ಟರಿಂದಲೇ ಹೊರಗಿನವನಾದ. ಬಡವರು ಬಂದರೆ ‘ಡೆಮಾಗ್ರಫಿಕ್ ಇಂಬ್ಯಾಲೆನ್ಸ್’ ಆಗುತ್ತದೆಂದು ಎದುರಾಳಿಗಳು ಕೋರ್ಟಿನಲ್ಲಿ ವಾದಿಸಿದರೆಂದು ಜಗನ್ ಭಾಷಣ ಭಾಷಣದಲ್ಲೂ ಚುಚ್ಚಿದರು. ಅವರಿಗೂ ಲಾಭವಿತ್ತು: ಬಡವರನ್ನು ಮುಂದಿಟ್ಟುಕೊಂಡರೆ ತಾವು ಒಪ್ಪದ ರಾಜಧಾನಿಯ ಗಂಟಲಿಗೆ ಮುಳ್ಳು ಸಿಕ್ಕಿಸಬಹುದಿತ್ತು.

ಈ ಪಟ್ಟಾಗಳು ಹೈಕೋರ್ಟಿನ ಅಂತಿಮ ತೀರ್ಪಿಗೆ ಒಳಪಟ್ಟಿರಲಿ ಎಂದು ಸುಪ್ರೀಂ ಕೋರ್ಟು ಮೊದಲೇ, ಮೇ 17ರಂದು ಹೇಳಿತ್ತು. ಜುಲೈ 24ರಂದು ಕೃಷ್ಣಾಯಪಾಲೆಂನಲ್ಲಿ ಮನೆಗಳಿಗೆ ಗುದ್ದಲಿಪೂಜೆಯಾಯಿತು. ಆಗಸ್ಟ್ 3ರಂದು ಹೈಕೋರ್ಟು ಕಟ್ಟುವ ಕೆಲಸ ನಿಲ್ಲಿಸಿತು.

7. ನಿವೇಶನ ಉಚಿತ, ಮನೆಗೆ 1.80 ಲಕ್ಷ ರೂಪಾಯಿ.

2025ರ ಫೆಬ್ರುವರಿಯಲ್ಲಿ ನಗರದ ವಸತಿಹೀನರ ಪ್ರಕರಣ ಕೇಳುತ್ತಿದ್ದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ಆರ್. ಗವಾಯಿ, ಪುಕ್ಕಟೆ ಕೊಡುಗೆಗಳಿಂದ ಪರಾವಲಂಬಿಗಳ ವರ್ಗವನ್ನೇ ಸೃಷ್ಟಿಸುತ್ತಿಲ್ಲವೇ ಎಂದು ಕೇಳಿದರು. ಏಳನೆಯ ಸಾಲಿಗೆ ಆ ಪ್ರಶ್ನೆಯನ್ನು ಹಚ್ಚಿ ನೋಡೋಣ. 340 ಚದರ ಅಡಿಯ ಮನೆಗೆ ಸಿಕ್ಕ 1.80 ಲಕ್ಷದಲ್ಲಿ ಬುನಾದಿ, ಗೋಡೆ, ಆರ್‌ಸಿಸಿ ಮುಗಿಸಲು ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ. ಅದು ಸರ್ಕಾರಕ್ಕೂ ಗೊತ್ತಿತ್ತು. ಅದಕ್ಕೇ ಸ್ವಸಹಾಯ ಸಂಘದ ಹೆಂಗಸರಿಗೆ ಪಾವಲಾ ಬಡ್ಡಿಗೆ, ಅಂದರೆ ನೂರಕ್ಕೆ ತಿಂಗಳಿಗೆ ನಾಲ್ಕಾಣೆ ಬಡ್ಡಿಗೆ, 35,000 ರೂಪಾಯಿ ಸಾಲವನ್ನೂ ಜೋಡಿಸಿತು. ಮಿಕ್ಕಿದ್ದಕ್ಕೆ ಕೈಸಾಲ, ಒಡವೆ. ಬುನಾದಿಗೇ ನಿಂತ ಮನೆಗಳು ಸೋಮಾರಿತನದ ಸಾಕ್ಷಿಯಲ್ಲ, ಹಣ ಮುಗಿದದ್ದರ ಸಾಕ್ಷಿ.

ಅದಿರಲಿ, ಅಮರಾವತಿಯಲ್ಲಿ ಭೂಮಿ ಒಪ್ಪಿಸಿದ ರೈತರಿಗೂ ಸರ್ಕಾರ ಹತ್ತು ವರ್ಷ ಕೌಲು ಕೊಡುವ ಒಪ್ಪಂದವಿತ್ತು: ಎಕರೆಗೆ ವರ್ಷಕ್ಕೆ ಖುಷ್ಕಿಗೆ 30,000, ಜರೀಬಿಗೆ (ನೀರಾವರಿ ಭೂಮಿಗೆ) 50,000, ವರ್ಷವರ್ಷ ಏರಿಕೆ. ಅದು ಭೂಮಿಯ ಬೆಲೆ, ಅವರ ಹಕ್ಕು, ನಾನು ತಕರಾರು ತೆಗೆಯುವುದಿಲ್ಲ. ಅದೇ ಹಳ್ಳಿಗಳ ಭೂಹೀನ ಕೂಲಿಗಳಿಗೂ ತಿಂಗಳಿಗೆ 2,500 ರೂಪಾಯಿ ಪಿಂಚಣಿ ಇತ್ತು. ಗದ್ದೆ ಹೋದರೆ ಗದ್ದೆಯ ಕೂಲಿಯೂ ಹೋಯಿತೆಂದು ಲೆಕ್ಕ ಹಾಕಿದವರು ಬುದ್ಧಿವಂತರು. ಆ ಲೆಕ್ಕ ವಿಜಯವಾಡದ ಮೂಟೆ ಹೊರುವವನ ಹತ್ತಿರ ಬಂದಾಗ ಮಾತ್ರ ‘ಉಚಿತ’ ಎಂಬ ಹೆಸರು ತಾಳುತ್ತದೆ.

8. ಪಟ್ಟಾ ಮನೆಯ ಹೆಂಗಸಿನ ಹೆಸರಿಗೆ.

ಹಾಳೆಯಲ್ಲಿ ನನಗೆ ಹಿಡಿಸಿದ ಸಾಲು ಇದು. ಕುಡಿದು ಮಾರುವ ಗಂಡನಿಂದ ಸೈಟು ಉಳಿಯುತ್ತದೆ. 2021ರ ಅದೇ ಆದೇಶದಲ್ಲಿ ಏಕಸದಸ್ಯ ಪೀಠ ಹೆಂಗಸರಿಗಷ್ಟೇ ಏಕೆ, ಅರ್ಹ ಗಂಡಸರಿಗೂ ಲಿಂಗಾಂತರಿಗಳಿಗೂ ಏಕಿಲ್ಲ ಎಂದು ಕೇಳಿತ್ತು. ಪ್ರಶ್ನೆಯ ಎರಡನೆಯ ಭಾಗಕ್ಕೆ ಸರಿಯಾದ ಉತ್ತರ ಕಾಣೆ.

2024ರ ಜೂನಿನಲ್ಲಿ ಬಂದ ಚಂದ್ರಬಾಬು ನಾಯ್ಡು ಸರ್ಕಾರ ನಗರದಲ್ಲಿ ಎರಡು, ಹಳ್ಳಿಯಲ್ಲಿ ಮೂರು ಸೆಂಟು ಎಂದು ಆರನೆಯ ಸಾಲನ್ನು ತಿದ್ದಲು ಹೊರಟಿತು. ಆರ್-5ರ ಪಟ್ಟಾದಾರರಿಗೆ ಅವರವರ ಊರಿನ ಕಡೆಯೇ ಜಾಗ ಕೊಡುತ್ತೇವೆ ಎಂದೂ ಹೇಳಿತು. ವಿಜಯವಾಡದ ಒಳಗೆ ಅಷ್ಟು ಜಾಗ ಇದ್ದಿದ್ದರೆ ಮೊದಲಿನ ಸರ್ಕಾರ ನದಿ ದಾಟಿಸುವ ನೆಪ ಹೇಳಲು ಆಗುತ್ತಿರಲಿಲ್ಲ.