ಇಕ್ಕೇರಿಯ ಬೀದಿಗಳು: ಪಿಯೆತ್ರೊ ದೆಲ್ಲಾ ವಾಲ್ಲೆಯ ಪ್ರವಾಸಪತ್ರಗಳ ಒಂದು ವಿಮರ್ಶೆ

ಪರಸ್ಥಳದಿಂದ ಬಂದವನು ಒಂದು ಪಟ್ಟಣದ ಬೀದಿಗಳನ್ನೂ ಗುಡಿಗೋಪುರಗಳನ್ನೂ ನೋಡಿ ಬರೆದಿಟ್ಟ ಮಾತುಗಳಿಗೆ ಕನ್ನಡನಾಡಿನ ಚರಿತ್ರೆಯಲ್ಲಿ ದೊಡ್ಡ ಸ್ಥಾನವುಂಟು. ವಿಜಯನಗರದ ವಿಷಯವಾಗಿ ಪಾಠ ಹೇಳುವ ಉಪಾಧ್ಯಾಯನು ಅಬ್ದುರ್ ರಜಾಕನನ್ನಾಗಲಿ ಡೊಮಿಂಗೊ ಪೇಸನನ್ನಾಗಲಿ ಸಾಕ್ಷಿಗೆ ಕರೆಯದೆ ಮುಂದುವರಿಯುವುದು ಅಪೂರ್ವ. ಆದರೆ ಈ ಸಾಕ್ಷಿಗಳನ್ನು ಕರೆಯುವುದರಲ್ಲಿ ಒಂದು ಬಗೆಯ ಪಕ್ಷಪಾತವು ನಡೆದುಬಂದಿದೆ. ಹೊಗಳಿದ ವಾಕ್ಯಗಳು ಪಠ್ಯಪುಸ್ತಕಗಳನ್ನು ಸೇರುತ್ತವೆ. ತೆಗಳಿದ ಅಥವಾ ನೋಟಕನಿಗೆ ಬಗೆಹರಿಯದೆ ಹೋದ ವಾಕ್ಯಗಳು ಮೂಲಗ್ರಂಥದಲ್ಲಿಯೇ ಉಳಿದುಬಿಡುತ್ತವೆ. ಹೀಗಾದುದರಿಂದ ಪ್ರವಾಸಿಯ ಬರಹವು ಒಂದು ಪ್ರಶಸ್ತಿಪತ್ರವೆಂಬ ಭಾವನೆ ಬೆಳೆದಿದೆ. ಅದು ಸರಿಯಲ್ಲ. ನೋಟಕನು ತನ್ನ ಊರಿನಿಂದ ತಂದ ಅಳತೆಗೋಲು ಎದುರಿಗಿರುವ ಊರಿಗೆ ಸಾಲದೆ ಹೋಗುವ ಸ್ಥಳಗಳಲ್ಲಿಯೇ ಆತನ ಬರಹವು ಹೆಚ್ಚು ಬೆಲೆಯುಳ್ಳದ್ದಾಗುತ್ತದೆ. ಈ ಮಾತಿಗೆ ಉತ್ತಮವಾದ ನಿದರ್ಶನವು ಮಲೆನಾಡಿನ ಇಕ್ಕೇರಿಯನ್ನು ಕುರಿತ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳಲ್ಲಿ ದೊರೆಯುತ್ತದೆ.

ಮೊದಲು ವಿಜಯನಗರದ ನೋಟಕರ ರೀತಿಯನ್ನು ನೆನೆಯುವುದು ಯುಕ್ತ. ಹೆರಾತಿನ ಅರಸು ಶಾಹರುಖನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಒಂದರೊಳಗೊಂದು ಇರುವ ಏಳು ಕೋಟೆಗಳನ್ನು ವರ್ಣಿಸಿ, ಅವುಗಳ ವಿಸ್ತಾರವನ್ನು ತಿಳಿಸುವುದಕ್ಕೆ ತನ್ನ ಊರಾದ ಹೆರಾತಿನ ಕೋಟೆಯನ್ನು ಹೋಲಿಕೆಗೆ ತೆಗೆದುಕೊಳ್ಳುತ್ತಾನೆ. ಅರಮನೆಯ ಬಳಿಯ ನಾಲ್ಕು ಬಜಾರುಗಳು, ಬಹಿರಂಗವಾಗಿ ರತ್ನಗಳನ್ನು ಮಾರುವ ವರ್ತಕರು, ಅನ್ನದಷ್ಟೇ ಅವಶ್ಯಕವೆಂಬಂತೆ ಎಲ್ಲೆಲ್ಲಿಯೂ ಮಾರಾಟವಾಗುವ ಗುಲಾಬಿಯ ಹೂಗಳು, ಇವು ಅವನ ಕಣ್ಣಿಗೆ ಬಿದ್ದ ಸಂಗತಿಗಳು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದ ಪೋರ್ತುಗೀಸನಾದ ಪೇಸನು ನಗರದ ಎಲ್ಲೆಯನ್ನು ಒಂದೇ ಸ್ಥಳದಿಂದ ಕಾಣಲಾಗದೆ ಬೆಟ್ಟವನ್ನೇರಿ ನೋಡಿ, ಅದು ರೋಮಿನಷ್ಟು ದೊಡ್ಡದೆಂದು ಅಭಿಪ್ರಾಯಪಟ್ಟನು. ಇಬ್ಬರಿಗೂ ತಾವು ಬಲ್ಲ ನಗರವೇ ಮಾನದಂಡ. ಕಂಡ ನಗರವು ಆ ಮಾನದಂಡವನ್ನು ಮುಟ್ಟಿತು ಅಥವಾ ಮೀರಿತು ಎಂಬುದೇ ಅವರ ತೀರ್ಪು. ಪೇಸನ ಬರಹವನ್ನು ರಾಬರ್ಟ್ ಸಿವೆಲನು 1900ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ ಮೇಲೆ ಕನ್ನಡಿಗರಲ್ಲಿ ಹುಟ್ಟಿದ ಅಭಿಮಾನಕ್ಕೆ ಈ ತೀರ್ಪು ಆಧಾರವಾಯಿತು. ಅಭಿಮಾನವು ನ್ಯಾಯವಾದುದೇ. ಆದರೆ ರೋಮಿಗೆ ಸಮನೆಂಬ ಮಾತಿನಿಂದ ರೋಮಿನ ಹಿರಿಮೆಯೂ ಹಂಪೆಯ ಹಿರಿಮೆಯೂ ತಿಳಿಯಬಹುದಲ್ಲದೆ ಹಂಪೆಯ ಬೀದಿಯ ವಿಶೇಷವು ತಿಳಿಯುವುದಿಲ್ಲ.

ದೆಲ್ಲಾ ವಾಲ್ಲೆಯು ಆ ರೋಮಿನಲ್ಲಿಯೇ 1586ರಲ್ಲಿ ಕುಲೀನರ ಮನೆಯಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್ಸಿನಿಂದ ಹೊರಟು ತುರುಕರ ರಾಜಧಾನಿ, ಈಜಿಪ್ಟು, ಜೆರೂಸಲೇಮುಗಳನ್ನು ಕಂಡು, ಬಾಗ್ದಾದಿನಲ್ಲಿ ಸಿತ್ತಿ ಮಾನಿ ಎಂಬಾಕೆಯನ್ನು ಮದುವೆಯಾದನು. 1621ರ ಕೊನೆಯಲ್ಲಿ ಆಕೆ ಪಾರಸಿಕ ದೇಶದಲ್ಲಿ ತೀರಿಹೋಗಲು, ದೇಹವು ಕೆಡದಂತೆ ಸಂಸ್ಕರಿಸಿ, ಅದನ್ನು ರೋಮಿನಲ್ಲಿಯೇ ಮಣ್ಣುಮಾಡಬೇಕೆಂದು ಪೆಟ್ಟಿಗೆಯಲ್ಲಿರಿಸಿ ತನ್ನ ಪ್ರಯಾಣವನ್ನು ಮುಂದುವರಿಸಿದನು. 1623ರಲ್ಲಿ ಸೂರತ್ತಿಗೂ ಅಲ್ಲಿಂದ ಗೋವೆಗೂ ಬಂದು, ಆ ವರ್ಷದ ಅಕ್ಟೋಬರಿನಲ್ಲಿ, ವೆಂಕಟಪ್ಪನಾಯಕನ ಬಳಿಗೆ ಹೊರಟ ಪೋರ್ತುಗೀಸ್ ರಾಯಭಾರಿಯ ಜೊತೆಯಲ್ಲಿ ಹೊನ್ನಾವರ ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಯನ್ನು ಸೇರಿದನು. ತಾನು ಕಂಡುದನ್ನೆಲ್ಲ ನೇಪಲ್ಸಿನಲ್ಲಿದ್ದ ಸ್ನೇಹಿತ ಮಾರಿಯೊ ಸ್ಕಿಪಾನೊ ಎಂಬಾತನಿಗೆ ಪತ್ರರೂಪದಲ್ಲಿ ಬರೆದನು. ಇಂಡಿಯಾದೇಶದ ಪತ್ರಗಳು ಅವನ ಮರಣಾನಂತರ 1663ರಲ್ಲಿ ಅಚ್ಚಾದವು. 1665ರಲ್ಲಿ ಇಂಗ್ಲಿಷಿಗೆ ಬಂದವು. ಎಡ್ವರ್ಡ್ ಗ್ರೇ ಎಂಬಾತನು ಸಂಪಾದಿಸಿದ ಆವೃತ್ತಿಯು 1892ರಲ್ಲಿ ಹೊರಬಿದ್ದಿತು.

ಇಕ್ಕೇರಿಯ ವರ್ಣನೆಯಲ್ಲಿ ದೆಲ್ಲಾ ವಾಲ್ಲೆಯು ಹೇಳುವುದಿಷ್ಟು. ಊರು ಒಳ್ಳೆಯ ಬಯಲಿನಲ್ಲಿದೆ. ಪ್ರವೇಶಿಸುವುದಕ್ಕೆ ಮೂರು ಆವರಣಗಳನ್ನು ದಾಟಬೇಕು. ಹೊರಗಿನ ಎರಡು ಕಲ್ಲಿನ ಗೋಡೆಗಳಲ್ಲ. ಎತ್ತರವಾಗಿ ಒತ್ತಾಗಿ ಬೆಳೆಸಿದ ಬಿದಿರುಮೆಳೆಗಳು. ಕಾಲಾಳನ್ನೂ ಕುದುರೆಯನ್ನೂ ತಡೆಯುವ ಶಕ್ತಿ ಅವಕ್ಕುಂಟು, ಕಡಿಯುವುದು ಕಷ್ಟ, ಬೆಂಕಿಯ ಭಯವಿಲ್ಲ, ಹಬ್ಬಿದ ಬಳ್ಳಿಗಳಿಂದ ನೋಟಕ್ಕೂ ಸೊಗಸು. ಮೂರನೆಯದು ಗೋಡೆಯಾದರೂ ದುರ್ಬಲವಾದದ್ದು. ಊರು ವಿಸ್ತಾರವಾದದ್ದೇ, ಆದರೆ ಮನೆಗಳು ವಿರಳ, ಕಟ್ಟಡವೂ ಒಳ್ಳೆಯದಲ್ಲ, ನೆಲದ ಬಹುಭಾಗವನ್ನು ಉದ್ದವಾದ ದೊಡ್ಡ ಬೀದಿಗಳು ಆಕ್ರಮಿಸಿವೆ, ಕೆಲವು ಬೀದಿಗಳಿಗೆ ಎತ್ತರವಾದ ಮರಗಳ ನೆರಳುಂಟು. ದೊಡ್ಡ ಕೆರೆಗಳೂ ತೋಪುಗಳಂತಿರುವ ಹೊಲಗಳೂ ನಡುನಡುವೆ ಇರುವುದರಿಂದ ಪಟ್ಟಣ, ಕೆರೆ, ಹೊಲ, ಕಾಡುಗಳು ಒಂದರೊಡನೊಂದು ಬೆರೆತಂತೆ ಕಾಣುತ್ತದೆ. ಆ ನೋಟವು ಬಹಳ ರಮಣೀಯವಾದುದು.

ಈ ಭಾಗದಲ್ಲಿ ಎರಡು ತೀರ್ಪುಗಳು ಪಕ್ಕಪಕ್ಕದಲ್ಲಿ ನಿಂತಿವೆ. ಮನೆಗಳು ವಿರಳ, ಕಟ್ಟಡ ಕಳಪೆ ಎಂಬುದೊಂದು. ನೋಟ ರಮಣೀಯವೆಂಬುದು ಮತ್ತೊಂದು. ಮೊದಲನೆಯದನ್ನು ನುಡಿದವನು ಕಲ್ಲುಹಾಸಿನ ಬೀದಿಗಳಲ್ಲಿ ಬೆಳೆದ ರೋಮಿನವನು. ಎರಡನೆಯದನ್ನು ನುಡಿದವನು ಎದುರಿಗಿರುವುದನ್ನು ನೋಡುತ್ತಿರುವ ಪ್ರವಾಸಿ. ಈ ಎರಡನ್ನು ಒಂದುಗೂಡಿಸುವ ಪ್ರಯತ್ನವನ್ನು ಆತನು ಮಾಡುವುದಿಲ್ಲ. ವಿರಳತೆಯು ಕೊರತೆಯಲ್ಲ, ಆ ಊರಿನ ರಚನೆಯ ನಿಯಮವೇ ಅದು ಎಂಬ ಅಂಶವು ಅವನಿಗೆ ಹೊಳೆಯಲಿಲ್ಲ. ಆದರೂ ಓದುಗನು ಹಾಗೆ ತಿಳಿದುಕೊಳ್ಳುವುದಕ್ಕೆ ಬೇಕಾದ ಸಾಮಗ್ರಿಯೆಲ್ಲವನ್ನೂ ಪ್ರಾಮಾಣಿಕವಾಗಿ ಒದಗಿಸಿರುತ್ತಾನೆ. ಬಿದಿರಿನ ಕೋಟೆಯ ವಿಷಯದಲ್ಲಿ ಅವನ ಅಳತೆಗೋಲು ಬಾಗಿತು. ಕಲ್ಲಿಲ್ಲದ ಮಾತ್ರಕ್ಕೆ ಕೋಟೆಯಲ್ಲವೆಂದು ಅವನು ಹೇಳಲಿಲ್ಲ. ಮನೆಗಳ ವಿಷಯದಲ್ಲಿ ಅದು ಬಾಗಲಿಲ್ಲ.

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಈ ವರ್ಣನೆಗೆ ಟೀಕೆಯೇ ಬೇಕಾಗಿಲ್ಲ. ಇಕ್ಕೇರಿಗೂ ಮೂಡಿಗೆರೆ ಸೀಮೆಯ ಗೋಣಿಬೀಡಿಗೂ ದೂರ ಬಹಳವುಂಟು. ಆದರೆ ನೆಲದ ಲಕ್ಷಣ ಒಂದೇ. ಗೋಣಿಬೀಡಿನ ಸುತ್ತಮುತ್ತ ಗದ್ದೆಯು ತಗ್ಗಿನಲ್ಲಿ, ಮನೆಯು ಓರೆಯಲ್ಲಿ, ತೋಟವೂ ಕಾಡೂ ಅದರ ಮೇಲೆ. ನೀರಿದ್ದ ಕಡೆಗೆ ಒಕ್ಕಲು, ಒಕ್ಕಲಿದ್ದ ಕಡೆಗೆ ದಾರಿ. ಬಯಲುಸೀಮೆಯ ಹಳ್ಳಿಯಂತೆ ಗೋಡೆಗೆ ಗೋಡೆ ಸೇರಿಸಿ ಕಟ್ಟುವ ಪದ್ಧತಿಯು ಈ ನೆಲಕ್ಕೂ ಈ ಮಳೆಗೂ ಒಗ್ಗಿದುದಲ್ಲ. ಮರ, ಮಣ್ಣು, ಹುಲ್ಲುಗಳಿಂದಾದ ಮನೆಯನ್ನು ಮಳೆಗಾಲವು ಪ್ರತಿವರ್ಷವೂ ಪರೀಕ್ಷಿಸುತ್ತದೆ. ಅದು ಶತಮಾನಗಳ ಕಾಲ ನಿಲ್ಲುವುದಕ್ಕಾಗಿ ಕಟ್ಟಿದುದೇ ಅಲ್ಲ. ಊರಿನ ಹೆಸರೂ ಇಲ್ಲಿ ವಿಚಾರಾರ್ಹವಾಗಿದೆ. ಬೀಡೆಂದರೆ ಇಳಿದುಕೊಳ್ಳುವ ಸ್ಥಳ, ಪಾಳೆಯ. ಅದೇ ಶಬ್ದವು ನೆಲೆವೀಡೆಂದಾಗ ರಾಜಧಾನಿ. ಕನ್ನಡದ ನಗರಕಲ್ಪನೆಯಲ್ಲಿ ಕಲ್ಲಿನ ದಟ್ಟಣೆಗಿಂತ ಜನವು ನೆಲೆಗೊಂಡುದೇ ಮುಖ್ಯವೆಂಬುದು ಈ ಮಾತಿನಿಂದಲೇ ಹೊರಡುತ್ತದೆ. ಅದೇ ಮೂಡಿಗೆರೆ ತಾಲ್ಲೂಕಿನಲ್ಲಿ, ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಎಂದು ಬಿ. ಎಲ್. ರೈಸನು ಗುರುತಿಸಿದ ಗ್ರಾಮಕ್ಕೆ ಅಂಗಡಿ ಎಂದೇ ಹೆಸರು. ಅಲ್ಲಿ ಇಂದು ಉಳಿದಿರುವ ಹಳೆಯ ಕುರುಹುಗಳು ವಾಸಂತಿಕೆಯ ಗುಡಿ, ಬಸದಿಗಳ ಅವಶೇಷ, ಶಾಸನಗಳು. ಪೇಟೆ ಅಳಿದು ಹೋಗಿ ಪೇಟೆಯ ಹೆಸರು ಮಾತ್ರ ನಿಂತಿದೆ. ಇಕ್ಕೇರಿಯ ಗತಿಯೂ ಹೀಗೆಯೇ ಆಯಿತು. 1639ರ ಸುಮಾರಿನಲ್ಲಿ ರಾಜಧಾನಿಯು ಬಿದನೂರಿಗೆ ಹೋದ ಮೇಲೆ ಆ ಉದ್ದವಾದ ಬೀದಿಗಳು ಕಾಣದಾದವು. ಅಘೋರೇಶ್ವರನ ಕಲ್ಲಿನ ದೇವಾಲಯವೊಂದು ನಿಂತಿತು. ಆದಕಾರಣ ಆ ಬೀದಿಗಳಲ್ಲಿ ನಡೆದಾಡಬೇಕೆಂಬವರಿಗೆ ದೆಲ್ಲಾ ವಾಲ್ಲೆಯ ಪತ್ರವನ್ನು ಬಿಟ್ಟರೆ ದಾರಿ ಕಡಮೆ.

ಕನ್ನಡ ಕವಿಗಳು ಇಂಥ ದಾರಿಯನ್ನು ತೋರಿಸಲಿಲ್ಲವೇ ಎಂಬ ಪ್ರಶ್ನೆಯು ಸಹಜವಾದುದು. ಅಷ್ಟಾದಶವರ್ಣನೆಗಳಲ್ಲಿ ನಗರವರ್ಣನೆಗೆ ಗೌರವಸ್ಥಾನವುಂಟು. ಆದರೆ ಮುಗಿಲನ್ನು ಮುಟ್ಟುವ ಮಾಡಗಳು, ನವರತ್ನಗಳ ಅಂಗಡಿಸಾಲುಗಳು, ಸೂಳೆಗೇರಿಯ ಸೊಬಗು, ಇವು ಅಯೋಧ್ಯೆಗೂ ಹಸ್ತಿನಾವತಿಗೂ ಕವಿಯ ಆಶ್ರಯದಾತನ ಊರಿಗೂ ಸಮಾನವಾಗಿ ಸಲ್ಲುತ್ತವೆ. ಇದು ಕವಿಯ ಅಶಕ್ತಿಯಲ್ಲ. ಊರು ಹೇಗಿರಬೇಕೆಂಬ ಆದರ್ಶವನ್ನು ನಿರೂಪಿಸುವುದು ಅವನ ಉದ್ದೇಶ. ಕೆಳದಿಯ ಅರಸರ ಚರಿತ್ರೆಗೆ ಮುಖ್ಯ ಆಕರವಾದ ಲಿಂಗಣ್ಣಕವಿಯ ಕೆಳದಿನೃಪವಿಜಯವು ಅರಸರ ವಂಶಾವಳಿ, ಯುದ್ಧ, ದಾನಧರ್ಮಗಳನ್ನು ತಿಳಿಸುವ ಗ್ರಂಥ. ಬೀದಿಯಲ್ಲಿ ಹೋಗುವ ಸಾಮಾನ್ಯರನ್ನು ನಿಲ್ಲಿಸಿ ಮಾತನಾಡಿಸುವುದು ಅದರ ಕಾರ್ಯವಲ್ಲ. ಪ್ರವಾಸಿಗೆ ಆದರ್ಶವು ಗೊತ್ತಿಲ್ಲ. ಗೊತ್ತಿಲ್ಲದುದರಿಂದಲೇ ಎದುರಿಗಿರುವುದನ್ನು ಬರೆಯಬೇಕಾಯಿತು. ಎರಡು ಬಗೆಯ ಬರಹಗಳೂ ಒಂದನ್ನೊಂದು ತುಂಬಿಕೊಡತಕ್ಕವು.

ದೆಲ್ಲಾ ವಾಲ್ಲೆಯ ನಿಜವಾದ ಗುಣವು ಕಟ್ಟಡಗಳನ್ನು ಬಿಟ್ಟು ಜನರ ಕಡೆಗೆ ತಿರುಗಿದಾಗ ಪ್ರಕಟವಾಗುತ್ತದೆ. ಇಕ್ಕೇರಿಗೆ ಬರುವ ದಾರಿಯಲ್ಲಿ ಒಂದು ಗುಡಿಯ ಮುಖಮಂಟಪದಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ, ಬೆರಳಿನಿಂದ ಲೆಕ್ಕವನ್ನು ಬರೆದು ಅಳಿಸಿ ಕಲಿಯುತ್ತಿದ್ದರು. ಗುರುವಿಲ್ಲದೆ ತಪ್ಪಿದರೆ ತಿದ್ದುವವರು ಯಾರೆಂದು ಆತನು ಕೇಳಲು, ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವೆಂದು ಹುಡುಗರು ಉತ್ತರ ಕೊಟ್ಟರು. ಕನ್ನಡನಾಡಿನ ಮರಳಕ್ಷರದ ಶಿಕ್ಷಣಕ್ರಮವನ್ನು ಕುರಿತು ಇದಕ್ಕಿಂತ ಜೀವಂತವಾದ ಸಾಕ್ಷಿ ಆ ಕಾಲದ ಬರಹಗಳಲ್ಲಿ ದುರ್ಲಭ. ಇಕ್ಕೇರಿಯ ಬೀದಿಯಲ್ಲಿ ಹಬ್ಬದ ಸಂಜೆ ಹೂಮುಡಿದ ಹುಡುಗಿಯರು ಗುಂಪುಗುಂಪಾಗಿ ಬಣ್ಣದ ಕೋಲುಗಳನ್ನು ತಾಳಕ್ಕೆ ಸರಿಯಾಗಿ ತಟ್ಟುತ್ತ ಹಾಡಿ ಕುಣಿದುದನ್ನೂ ಆತನು ಬರೆದಿರುವನು. ಓದುವವರಿಗೆ ಅದು ಕೋಲಾಟವೆಂದು ಕೂಡಲೇ ತಿಳಿಯುತ್ತದೆ.

ಇವೆಲ್ಲಕ್ಕೂ ಮಿಗಿಲಾದುದು ಒಬ್ಬ ವಿಧವೆಯ ಸಂಗತಿ. ಕೈಯೊಂದರಲ್ಲಿ ಕನ್ನಡಿಯನ್ನೂ ಮತ್ತೊಂದರಲ್ಲಿ ನಿಂಬೆಯ ಹಣ್ಣನ್ನೂ ಹಿಡಿದು, ಕುದುರೆಯನ್ನೇರಿ, ವಾದ್ಯಗಳೊಡನೆ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸನ್ನು ಅವನು ಕಂಡನು. ಆಕೆ ಗಂಡನೊಡನೆ ಸಹಗಮನಕ್ಕೆ ನಿಶ್ಚಯಿಸಿದವಳು. ಇಂಥ ದೃಶ್ಯವನ್ನು ವರ್ಣಿಸಿದ ವಿದೇಶೀಯರು ಅನೇಕರುಂಟು. ಅವರಲ್ಲಿ ಬಹುಮಂದಿಗೆ ಅದು ಬೀದಿಯ ವಿಚಿತ್ರಗಳಲ್ಲೊಂದು. ದೆಲ್ಲಾ ವಾಲ್ಲೆಯು ಅಷ್ಟಕ್ಕೆ ಬಿಡದೆ ದುಭಾಷಿಯೊಡನೆ ಆಕೆಯ ಮನೆಗೆ ಹೋದನು, ಹೆಸರನ್ನು ಕೇಳಿದನು. ಅವನ ಇಟಾಲಿಯನ್ ಬರಹದಲ್ಲಿ ಉಳಿದಿರುವ ರೂಪವು ಜಾಕ್ಕಮಾ ಎಂಬಂತಿದೆ. ಜಕ್ಕಮ್ಮನೆಂದು ಊಹಿಸುವುದು ಯುಕ್ತ. ಆಕೆ ತೆಲುಗು ಜನದವಳು. ಗಂಡನು ಡೋಲು ಬಾರಿಸುತ್ತಿದ್ದವನು. ಮನೆಯಲ್ಲಿ ಇನ್ನಿಬ್ಬರು ಹೆಂಡಿರಿದ್ದರು, ಅವರು ಸಾಯುವ ಮನಸ್ಸು ಮಾಡಿರಲಿಲ್ಲ. ಯಾರ ಬಲಾತ್ಕಾರವೂ ಇಲ್ಲ, ಇದು ತನ್ನ ಇಚ್ಛೆಯೆಂದು ಆಕೆ ನುಡಿದಳು. ಬೇಡವೆಂದು ಆತನು ಹೇಳಿ ನೋಡಿದನು. ಮಾತು ನಡೆಯದಿರಲು, ಆಕೆಯ ಹೆಸರನ್ನು ತನ್ನ ಪದ್ಯಗಳಿಂದ ಲೋಕದಲ್ಲಿ ಉಳಿಸುವೆನೆಂದು ಮಾತುಕೊಟ್ಟನು.

ಈ ಸಂದರ್ಭವನ್ನು ವಿಮರ್ಶಿಸುವಾಗ ಎರಡು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದು: ಆಕೆಯ ಉತ್ತರವು ದುಭಾಷಿಯ ಬಾಯಿಂದ, ಬಂಧುಬಳಗದ ನಡುವೆ, ರಾಯಭಾರದ ಪರಿವಾರದವನೊಬ್ಬನ ಎದುರಿಗೆ ಹೊರಟುದು. ಇಚ್ಛೆಯೆಂಬ ಆ ಒಂದು ಶಬ್ದದ ಮೇಲೆ ಪ್ರಮಾಣವನ್ನು ಕಟ್ಟುವುದು ಅವಿಚಾರ. ಎರಡನೆಯದು: ಕೇಳುತ್ತಿದ್ದವನು ತಟಸ್ಥನಲ್ಲ. ಸತ್ತ ಹೆಂಡತಿಯ ದೇಹವನ್ನು ಮಣ್ಣಿಗೊಪ್ಪಿಸಲಾರದೆ ದೇಶಾಂತರ ತಿರುಗುತ್ತಿದ್ದವನಿಗೆ, ಸತ್ತ ಗಂಡನನ್ನು ಬಿಟ್ಟಿರಲಾರೆನೆಂಬಾಕೆಯ ಮಾತು ಕಿವಿಗೆ ಬಿದ್ದ ಬಗೆಯೇ ಬೇರೆಯಾಗಿದ್ದಿರಬೇಕು. ಆತನು ಮೆಚ್ಚಿದುದರಲ್ಲಿ ಎಷ್ಟು ಪಾಲು ಜಕ್ಕಮ್ಮನದು, ಎಷ್ಟು ಪಾಲು ತನ್ನ ದುಃಖದ್ದು ಎಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಆಕೆಯನ್ನು ಕೀರ್ತಿಸುವ ಆತುರದಲ್ಲಿ ಆಕೆ ಬದುಕಬೇಕೆಂಬ ವಾದವು ಬೇಗನೆ ಸೋತಿತೆಂಬ ಆಕ್ಷೇಪಣೆಗೂ ಅವಕಾಶವುಂಟು.

ಇಷ್ಟೆಲ್ಲವನ್ನು ಕಳೆದರೂ ಒಂದು ಸಂಗತಿಯು ಉಳಿಯುತ್ತದೆ. ಮಾಸ್ತಿಕಲ್ಲುಗಳು ಕನ್ನಡನಾಡಿನಲ್ಲಿ ಎಷ್ಟೋ ಇವೆ. ಅವುಗಳಲ್ಲಿ ಅನೇಕಕ್ಕೆ ಎತ್ತಿದ ತೋಳುಂಟು, ಹೆಸರಿಲ್ಲ. ಡೋಲಿನವನ ಹೆಂಡತಿಯೊಬ್ಬಳ ಹೆಸರು, ಆಕೆ ಕುಳಿತು ಆಡಿದ ಮಾತಿನೊಡನೆ, 400 ವರ್ಷಗಳಾಚೆಯಿಂದ ಬಂದಿದ್ದರೆ ಅದು ಪರದೇಶದವನೊಬ್ಬನು ಬೀದಿಯಿಂದ ಮನೆಯ ಬಾಗಿಲಿಗೆ ನಡೆದು ಹೋಗಿ ಕೇಳಿದುದರಿಂದ. ಇಕ್ಕೇರಿಯ ಮನೆಗಳನ್ನು ಕಳಪೆಯೆಂದವನೇ ಆ ಮನೆಯೊಂದರ ಒಳಗೆ ನಡೆದ ಮಾತನ್ನು ಉಳಿಸಿಕೊಟ್ಟಿರುವನೆಂಬುದನ್ನು ಗಮನಿಸಿದರೆ, ತೆಗಳಿಕೆಯ ವಾಕ್ಯವನ್ನು ಮರೆಮಾಡಿ ಹೊಗಳಿಕೆಯನ್ನು ಮಾತ್ರ ಆರಿಸಿಕೊಳ್ಳುವ ಪದ್ಧತಿಯಿಂದಾಗುವ ನಷ್ಟವು ಸ್ಪಷ್ಟವಾಗುತ್ತದೆ.

ಆದಕಾರಣ ಪ್ರವಾಸಿಗಳ ಬರಹಗಳನ್ನು ತರಗತಿಯಲ್ಲಿ ಉಪಯೋಗಿಸುವವರು ಮೂರು ವಿಷಯಗಳನ್ನು ಪರಿಶೀಲಿಸುವುದು ಒಳ್ಳೆಯದು: ನೋಟಕನು ಯಾವ ಊರಿನ ಅಳತೆಯನ್ನು ತಂದನು, ಅದು ಎಲ್ಲಿ ಸಾಲದೆ ಹೋಯಿತು, ಬೀದಿಯಲ್ಲಿ ಯಾರನ್ನು ಹೆಸರು ಹಿಡಿದು ಮಾತನಾಡಿಸಿದನು. ರಜಾಕ ಪೇಸರಲ್ಲಿ ಮೊದಲನೆಯದಕ್ಕೆ ತುಂಬಿದ ಉತ್ತರ ದೊರೆಯುತ್ತದೆ. ಮೂರಕ್ಕೂ ಉತ್ತರವನ್ನು ಬಯಸುವವರು ದೆಲ್ಲಾ ವಾಲ್ಲೆಯ ಇಕ್ಕೇರಿಯ ಪತ್ರಗಳನ್ನು ಇಡಿಯಾಗಿ, ನಡುವೆ ಏನನ್ನೂ ಬಿಡದೆ, ಓದಬೇಕು.