ಮಾನ್ಯತೆಯ ಕಡತದಲ್ಲಿ ಕಾಣದೇ ಹೋದ ಸಾಲು

ಅಮೆರಿಕದ ಯಾವುದೇ ಊರಿನ ಪೊಲೀಸ್ ಇಲಾಖೆಗೆ ‘ಕಲಿಯಾ’ ಮಾನ್ಯತೆ ಸಿಕ್ಕಿತೆಂದರೆ ಅದರ ಮುಖ್ಯಸ್ಥರ ಮಾತು ಹೆಚ್ಚುಕಡಿಮೆ ಒಂದೇ: ಇದು ವೃತ್ತಿಯ ಅತ್ಯುನ್ನತ ಮಟ್ಟ, ಇನ್ನು ಹೊಣೆಗಾರಿಕೆ ಹೆಚ್ಚುತ್ತದೆ, ಮೊಕದ್ದಮೆ ತಗ್ಗುತ್ತದೆ, ಜನರ ವಿಶ್ವಾಸ ಬೆಳೆಯುತ್ತದೆ. ಮಾನ್ಯತೆಯಿಂದ ಪ್ರಯೋಜನವಿದೆ, ಆದರೆ ಅದು ಈ ಹೊಗಳಿಕೆ ತೋರಿಸುವ ಕಡೆ ಇಲ್ಲ.

ಕಲಿಯಾ ಎಂಬುದು ನಾಲ್ಕು ಪೊಲೀಸ್ ಸಂಘಟನೆಗಳು ಸೇರಿ 1979ರಲ್ಲಿ ಕಟ್ಟಿದ ಮಾನ್ಯತಾ ಆಯೋಗ. 1984ರಲ್ಲಿ ಮೊದಲ ಮಾನ್ಯತೆ ಪಡೆದದ್ದು ಫ್ಲಾರಿಡಾದ ಪುಟ್ಟ ಊರು ಮೌಂಟ್ ಡೋರಾ. ಮೇಲಿನ ಹಂತದಲ್ಲಿ 400ಕ್ಕೂ ಹೆಚ್ಚು ಮಾನದಂಡಗಳಿವೆ, ನಾಲ್ಕು ವರ್ಷಕ್ಕೊಮ್ಮೆ ನವೀಕರಣ. ಹಲವು ರಾಜ್ಯಗಳು ಇದೇ ಮಾದರಿಯಲ್ಲಿ ತಮ್ಮದೇ ಆಯೋಗಗಳನ್ನು ಮಾಡಿಕೊಂಡಿವೆ.

ಮಾನದಂಡಗಳು ಬರೆಯಲ್ಪಟ್ಟಿರುವ ರೀತಿಯನ್ನು ಗಮನಿಸಬೇಕು. ಅವುಗಳಲ್ಲಿ ಬಹುಪಾಲು ಕೇಳುವುದು ಎರಡನ್ನು: ಈ ವಿಷಯದಲ್ಲಿ ಲಿಖಿತ ಆದೇಶ ಇರಲಿ, ಅದು ಪಾಲನೆಯಾಗುತ್ತಿದೆ ಎಂಬುದಕ್ಕೆ ಪುರಾವೆ ಇರಲಿ. ಆದೇಶದಲ್ಲಿ ಏನಿರಬೇಕೆಂಬುದು ಬಹುಮಟ್ಟಿಗೆ ಇಲಾಖೆಗೇ ಬಿಟ್ಟದ್ದು. ಇದರ ಬೆಲೆ ಏನೆಂದು ತಿಳಿಯಲು ಫ್ಲಾರಿಡಾದ ಬ್ರೋವರ್ಡ್ ಕೌಂಟಿಯನ್ನು ನೋಡಬೇಕು.

2018ರ ಫೆಬ್ರವರಿ 14ರಂದು ಪಾರ್ಕ್‌ಲ್ಯಾಂಡ್‌ನ ಪ್ರೌಢಶಾಲೆಯಲ್ಲಿ ಗುಂಡಿಗೆ 17 ಮಂದಿ ಬಲಿಯಾದಾಗ ಬ್ರೋವರ್ಡ್ ಶೆರಿಫ್ ಕಚೇರಿಗೆ ರಾಜ್ಯ ಆಯೋಗದ ಮಾನ್ಯತೆ ಇತ್ತು. ಬಂದೂಕುಧಾರಿಯನ್ನು ಎದುರಿಸುವ ಬಗ್ಗೆ ಲಿಖಿತ ನೀತಿಯೂ ಇತ್ತು. ಜೀವ ಉಳಿಸಲು ಡೆಪ್ಯುಟಿಗಳು ಕಟ್ಟಡದೊಳಗೆ ‘ಹೋಗಬಹುದು’ ಎಂದಿತ್ತೇ ಹೊರತು ‘ಹೋಗತಕ್ಕದ್ದು’ ಎಂದಿರಲಿಲ್ಲ. ಶಾಲೆಗೆ ನಿಯೋಜಿತನಾಗಿದ್ದ ಡೆಪ್ಯುಟಿ ಹೊರಗೇ ಉಳಿದ. ತನ್ನವರು ಸಾವಿನ ಬಾಯಿಗೆ ನುಗ್ಗಬಾರದೆಂಬುದು ಆ ಕ್ರಿಯಾಪದಕ್ಕೆ ಅಂದಿನ ಶೆರಿಫ್ ಕೊಟ್ಟ ಸಮರ್ಥನೆ. ರಾಜ್ಯದ ತನಿಖಾ ಆಯೋಗ ಅದನ್ನು ಒಪ್ಪಲಿಲ್ಲ: ತಕ್ಷಣ ಒಳಹೋಗಬೇಕೆಂಬ ನಿರೀಕ್ಷೆ ಈ ನೀತಿಯಲ್ಲಿ ಸ್ಪಷ್ಟವಿಲ್ಲ ಎಂದಿತು. ಹೊಸ ಶೆರಿಫ್ ಬಂದ ಮೇಲೆ ನೀತಿ ಬದಲಾಯಿತು.

ನೀತಿ ಇದೆಯೇ ಎಂದು ನೋಡುವ ಪರೀಕ್ಷಕನಿಗೆ ಆ ಸಾಲಿನಲ್ಲಿ ದೋಷ ಕಾಣುವುದಿಲ್ಲ. ಗುಂಡಿನ ಸದ್ದು ಕೇಳಿಸಿದ ಕ್ಷಣ ಈ ಆದೇಶ ಓದಿದವನು ಏನು ಮಾಡುತ್ತಾನೆ ಎಂದು ಕೇಳುವ ಪರೀಕ್ಷಕನಿಗೆ ಮಾತ್ರ ಅದು ಕಾಣುತ್ತದೆ. ರಾಜ್ಯದ ಮಾನ್ಯತಾ ಆಯೋಗ ಬ್ರೋವರ್ಡ್‌ನ ಮಾನ್ಯತೆಯನ್ನು ಕಿತ್ತುಕೊಂಡದ್ದು 2019ರ ಜೂನ್‌ನಲ್ಲಿ, ಸಾವುಗಳಾಗಿ 16 ತಿಂಗಳ ಮೇಲೆ.

ಇಷ್ಟು ಕೇಳಿದೊಡನೆ, ಮಾನ್ಯತೆಯೆಂದರೆ ಬರಿಯ ಕಾಗದದ ಕಸರತ್ತು ಎಂದು ಗುಂಪೊಂದು ತೀರ್ಪು ಕೊಡುತ್ತದೆ. ಈ ವಿಮರ್ಶಕರು ಹೊಗಳುಭಟರಿಗಿಂತ ಹೆಚ್ಚು ಹಾನಿ ಮಾಡುತ್ತಿದ್ದಾರೆ. ಬ್ರೋವರ್ಡ್‌ನ ಲೋಪವನ್ನು ಹೆಸರಿಟ್ಟು ಹೇಳಲು ಸಾಧ್ಯವಾದದ್ದೇ ಅದು ಕಾಗದದ ಮೇಲೆ ಇದ್ದುದರಿಂದ. ನೀತಿ ಬಾಯಿಮಾತಿನಲ್ಲೇ ಉಳಿದಿದ್ದರೆ ತನಿಖೆಯ ಎದುರು ಪ್ರತಿಯೊಬ್ಬ ಅಧಿಕಾರಿಯೂ ತನಗೆ ತೋಚಿದ್ದನ್ನೇ ನಿಯಮವೆನ್ನಬಹುದಿತ್ತು. ಬಲಪ್ರಯೋಗದ ವಾರ್ಷಿಕ ವಿಶ್ಲೇಷಣೆ, ಸಾಕ್ಷ್ಯಕೋಣೆಯ ತಪಾಸಣೆ, ನಾಗರಿಕರ ದೂರುಗಳ ದಾಖಲೆ, ಮತ್ತೆಮತ್ತೆ ದೂರಿಗೆ ಗುರಿಯಾಗುವ ಸಿಬ್ಬಂದಿಯನ್ನು ಮೊದಲೇ ಗುರುತಿಸುವ ವ್ಯವಸ್ಥೆ: ಕಲಿಯಾ ಕಡ್ಡಾಯ ಮಾಡುವ ಈ ಕೆಲಸಗಳನ್ನು ಸಣ್ಣ ಇಲಾಖೆಯೊಂದು ಹೊರಗಿನ ಒತ್ತಡವಿಲ್ಲದೆ ವರ್ಷವರ್ಷವೂ ಮಾಡುವುದು ಕಷ್ಟ. ಮಾನ್ಯತೆಯ ನಿಜವಾದ ಲಾಭ ಇಲ್ಲಿದೆ. ವಕೀಲ, ಪತ್ರಕರ್ತ, ನಗರಸಭೆಯ ಸದಸ್ಯ ಕೈಗೆತ್ತಿಕೊಂಡು ಪ್ರಶ್ನಿಸಬಹುದಾದ ದಾಖಲೆ ಅದರಿಂದ ಹುಟ್ಟುತ್ತದೆ.

ಪರೀಕ್ಷಕರಲ್ಲಿ ಹೆಚ್ಚಿನವರು ಬೇರೆ ಇಲಾಖೆಗಳ ಪೊಲೀಸರೇ ಎಂಬ ಆಕ್ಷೇಪಕ್ಕೆ ತೂಕವಿದೆ. ವಿಷಯ ಬಲ್ಲವರೇ ನೋಡಬೇಕು, ಸರಿ. ಆದರೆ ಅವರ ವರದಿಯನ್ನು ಪೂರ್ತಿಯಾಗಿ ಓದುವ ಹಕ್ಕು ಊರಿನವರಿಗೂ ಇರಬೇಕು.

ನೀತಿಯ ಒಳಗಿನ ಅರ್ಥವನ್ನು ಪರೀಕ್ಷಿಸುವುದು ಅಸಾಧ್ಯವೂ ಅಲ್ಲ. 2020ರ ಜೂನ್‌ನಲ್ಲಿ ಟ್ರಂಪ್ ಹೊರಡಿಸಿದ ಆದೇಶ ಕೇಂದ್ರದ ವಿವೇಚನಾ ಅನುದಾನವನ್ನು ಪ್ರಮಾಣೀಕರಣಕ್ಕೆ ಜೋಡಿಸಿತು. ಮಾರಕ ಬಲಕ್ಕೆ ಕಾನೂನು ಅವಕಾಶ ಕೊಡುವ ಸಂದರ್ಭ ಬಿಟ್ಟರೆ ಕುತ್ತಿಗೆ ಹಿಸುಕುವ ಹಿಡಿತವನ್ನು ನೀತಿ ನಿಷೇಧಿಸಿರಬೇಕು ಎಂದಿತು. ಅಲ್ಲಿ ಪ್ರಮಾಣಪತ್ರ ಕೊಡುವವರು ನೀತಿ ಏನನ್ನು ಹೇಳುತ್ತದೆ ಎಂಬುದನ್ನೇ ಓದಬೇಕಾಯಿತು. ಒಂದು ಹಿಡಿತಕ್ಕೆ ಅನ್ವಯಿಸಿದ ಈ ಕಟ್ಟುನಿಟ್ಟು ಬಂದೂಕುಧಾರಿಯನ್ನು ಎದುರಿಸುವ ನೀತಿಗೂ ದೂರು ಸ್ವೀಕಾರದ ನೀತಿಗೂ ಬರುವವರೆಗೆ, ಮಾನ್ಯತೆಯನ್ನು ಅತ್ಯುನ್ನತ ಮಟ್ಟವೆಂದು ಕರೆಯುವುದನ್ನು ಇಲಾಖೆಗಳು ನಿಲ್ಲಿಸಬೇಕು.