ಕತ್ತಿ ನೇಗಿಲಾಗುವ ಕಾರ್ಡು

ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಬಂದ ಹುಡುಗರು ಕೋವಿ ಪೂಜೆ, ತೆಂಗಿನಕಾಯಿಗೆ ಗುಂಡು, ಕಡಂಬುಟ್ಟು–ಪಂದಿ ಕರಿ ಎಲ್ಲ ಮುಗಿಸಿ ಜಗಲಿಯಲ್ಲಿ ಕಾರ್ಡು ಹರಡಿದರು. ಇಸ್ಪೀಟಲ್ಲ, ಗಣಿತ ಓದಿದ ರಿಚರ್ಡ್ ಗಾರ್ಫೀಲ್ಡ್ ಕಟ್ಟಿ, 1993ರಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’. ಹೊಸಬರ ಕಣ್ಣು ಮೊದಲು ಡ್ರ್ಯಾಗನ್ ಮೇಲೆ ಬೀಳುತ್ತದೆ. ಅದನ್ನು ಬಿಡಿ, ಅದನ್ನು ತೆಗೆಯುವ ಕಾರ್ಡು ನೋಡಿ. ಆಡುವವರ ಬಾಯಲ್ಲಿ ಅದು ‘ರಿಮೂವಲ್’.

ಸರದಿಗೊಂದು ಜಮೀನಿನ ಕಾರ್ಡು ಇಳಿಸಬಹುದು. ಪ್ರತಿ ಜಮೀನು ಸರದಿಗೊಂದು ‘ಮಾನಾ’ ಕೊಡುತ್ತದೆ, ಉಳಿದ ಕಾರ್ಡು ಆಡಲು ಅದೇ ದುಡ್ಡು. ಶಿವನ್ ಡ್ರ್ಯಾಗನ್‌ಗೆ (ನಮ್ಮ ಶಿವನಿಗೂ ಅದಕ್ಕೂ ನಂಟಿಲ್ಲ) ಆರು ಮಾನಾ ಬೇಕು. ‘ಸ್ವೋರ್ಡ್ಸ್ ಟು ಪ್ಲೌಷೇರ್ಸ್’ಗೆ ಒಂದೇ ಸಾಕು. ನಮ್ಮಲ್ಲಿ ಗದ್ದೆ ಕೆಲಸ ಮುಗಿದ ಮೇಲೆ ಕೋವಿ, ಕತ್ತಿ ತೋಕ್‌ಪೂ ಹೂ ಮುಡಿದು ಹೊರಬರುತ್ತವೆ. ಈ ಕಾರ್ಡಿನಲ್ಲಿ ಉಲ್ಟಾ: ಕತ್ತಿಯೇ ನೇಗಿಲ ಗುಳವಾಗುತ್ತದೆ. ಡ್ರ್ಯಾಗನ್ ಆಟದಿಂದಲೇ ಹೊರಗೆ, ಅದರ ಬಲ ಐದು ಇದ್ದುದರಿಂದ ಒಡೆಯನ ಜೀವಕ್ಕೆ ಐದು ಜಮೆ.

‘ಎದುರಾಳಿಗೆ ಲಾಭವಾಯ್ತಲ್ಲ ಮಾವ?’ ಎಂದು ಪಕ್ಕದಲ್ಲಿದ್ದ ಹುಡುಗಿ ಕೇಳಿದಳು. ಆಯ್ತು. ಆದರೆ ಆರು ಮಾನಾದ ಮಾಲನ್ನು ಒಂದು ಮಾನಾಕ್ಕೆ ಕಳೆದುಕೊಂಡನಲ್ಲ! ಉಳಿದ ಮಾನಾದಲ್ಲಿ ಅದೇ ಸರದಿಗೆ ನನ್ನ ಇನ್ನೊಂದು ಪ್ರಾಣಿ ಇಳಿಯುತ್ತದೆ. ಇಪ್ಪತ್ತರಿಂದ ಶುರುವಾಗುವ ಜೀವದಲ್ಲಿ ಐದು ಸಣ್ಣದಲ್ಲ, ಆದರೂ ನಾನು ಕಣ್ಣುಮುಚ್ಚಿ ಕೊಡುತ್ತೇನೆ.

ಅಗ್ಗವಾದದ್ದೆಲ್ಲ ಒಳ್ಳೆಯದು ಅಂತಲ್ಲ. ‘ಡೂಮ್ ಬ್ಲೇಡ್’ಗೆ ಎರಡೇ ಮಾನಾ, ಆದರೆ ಕಪ್ಪು ಪ್ರಾಣಿಗೆ ಅದು ತಾಗುವುದಿಲ್ಲ, ಎದುರಿನವನದು ಪೂರ್ತಿ ಕಪ್ಪು ಕಾರ್ಡುಗಳ ಕಟ್ಟಾದರೆ ಕೈಯಲ್ಲೇ ಕೊಳೆಯುತ್ತದೆ. ‘ಮರ್ಡರ್’ಗೆ ಮೂರು, ಬಣ್ಣ ಕೇಳುವುದಿಲ್ಲ. ಆ ಹೆಚ್ಚಿನ ಒಂದು ಮಾನಾ ಕೊಡುವುದು ಖಾತ್ರಿಗಾಗಿ. ಒಂದು ಮಾನಾದ ‘ಲೈಟ್ನಿಂಗ್ ಬೋಲ್ಟ್’ ಕೊಡುವ ಪೆಟ್ಟು ಮೂರೇ, ಡ್ರ್ಯಾಗನ್ ಕೊಡವಿಕೊಂಡು ಹಾರುತ್ತದೆ. ಆದರೆ ಹೊಡೆಯಲು ಪ್ರಾಣಿ ಇಲ್ಲದಾಗ ನೇರ ಎದುರಾಳಿಗೇ ಬಿಡಬಹುದು. ಹಾಗೆ ಯಾವತ್ತೂ ದಂಡವಾಗದ ಕಾರ್ಡೆಂದರೆ ನನಗೆ ಪ್ರೀತಿ ಜಾಸ್ತಿ.

ಇನ್ನು ಇಳಿದ ಕೂಡಲೇ ಕೆಲಸ ಮುಗಿಸುವ ಪ್ರಾಣಿಗಳಿವೆ. ‘ಮಲ್‌ಡ್ರಿಫ್ಟರ್’ ಬಂದದ್ದೇ ಒಡೆಯನಿಗೆ ಎರಡು ಕಾರ್ಡು ಎಳೆದುಕೊಡುತ್ತದೆ. ಆಮೇಲೆ ಅದನ್ನು ಕೊಂದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಗುಂಡು ಉಳಿಸಿ.

ಹಾಗಂತ ದೊಡ್ಡ ಬೇಟೆಗೇ ಕಾಯಬೇಕೆಂದೇನಿಲ್ಲ. ಮೊನ್ನೆ ಬಾವ ಮೊದಲ ಸರದಿಯಲ್ಲೇ ‘ಲ್ಯಾನೋವರ್ ಎಲ್ವ್ಸ್’ ಇಳಿಸಿದ. ಬಲ ಒಂದು, ತಾಳಿಕೆ ಒಂದು, ಪುಟಾಣಿ. ಆದರೆ ಸರದಿಗೊಂದು ಮಾನಾ ಹೆಚ್ಚಿಗೆ ಕೊಡುತ್ತದೆ. ನಾನು ಕೂಡಲೇ ಬೋಲ್ಟ್ ಹೊಡೆದೆ. ‘ಗುಬ್ಬಿಗೆ ಕೋವಿಯಾ!’ ಎಂದು ಜಗಲಿಯೆಲ್ಲ ನಕ್ಕಿತು. ಬಾವ ಮಾತ್ರ ನಗದೆ, ಕೈಯಲ್ಲಿದ್ದ ಮೂರು ಮಾನಾದ ಕಾರ್ಡುಗಳನ್ನೂ ಮುಂದಿದ್ದ ಒಂಟಿ ಜಮೀನನ್ನೂ ನೋಡುತ್ತಾ ಕೂತಿದ್ದ.